ಕಾರ್ಡಿನ ಬಾಯಿಗೆ ಭಂಡಾರ

“ನೀ ಹಾಸ್ಟೆಲಿಗೆ ಹೋಗೂದ್ರಾಗ ಈ ಲಾರಿ ಆಟ ಎಲ್ಲೂ ತಡೀಲಾರದಂಗ ಆಡಸ್ತೀನಿ,” ಎಂದು ಉಟಗಿಯ ಜೀಪ್ ಡ್ರೈವರ್ ಅಮಸಿದ್ದ, ಮಗಳು ಕಾಜಲ್ ಐದನೇ ಇಯತ್ತೆಯಲ್ಲಿದ್ದಾಗ ಮಾತು ಕೊಟ್ಟಿದ್ದ. ಆಗ ಹಾಸ್ಟೆಲ್ ಬಹಳ ದೂರವಿತ್ತು. ಈಗ ನಾಳೆ ಬೆಳಗಿನ ಎಸ್‌ಟಿ ಬಸ್ಸಿಗೆ ಬಂದು ನಿಂತಿತ್ತು.

ಸಾಂಗ್ಲಿಯಿಂದ ತಂದ ಹೊಸ ಗ್ರಾಫಿಕ್ಸ್ ಕಾರ್ಡನ್ನು ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂರಿಸಿದ್ದೇ ತಡ, ಅಮಸಿದ್ದನ ತಾಯಿ ಹಾಲವ್ವ ಅದರ ಹಿಂಬದಿಗೆ ಅರಿಶಿನದ ಭಂಡಾರ ಒತ್ತಿ ಒತ್ತಿ ಬಳಿದಳು. “ಪೂಜಿ ಆದದ್ದಕ್ಕ ಕೈ ಹಚ್ಚಬ್ಯಾಡ!” ಅಮಸಿದ್ದ ಪರದೆಯ ವಾಯರನ್ನು ಎಂದಿನ ತೂತಿಗೇ ಸಿಕ್ಕಿಸಿ ಆಟ ಚಾಲೂ ಮಾಡಿದ.

ಲಾರಿ ನೀರು ಕಂಡ ಕುರಿಯಂತೆ ನಾಲ್ಕು ಹೆಜ್ಜೆಗೊಮ್ಮೆ ನಿಂತಿತು.

ಜತ್ತಿಗೆ ಹೋಗುವ ಜೀಪು ಇನ್ನೂ ಹೊರಡಲಿಲ್ಲವೆಂದು ಗಿರಣಿ ಗುರುಲಿಂಗಪ್ಪ ಒಳಗೇ ಬಂದ. “ಹೊಸಾ ಬೀಸೂಕಲ್ಲಿಗೆ ಮುದುಕ ಮೋಟಾರ್ ಹಚ್ಚೀದಿ. ಪ್ರೊಸೆಸರ್ ಹಳೇದೋ! ಅದು ಕಾರ್ಡಿಗೆ ಕೆಲಸಾನ ಕೊಡವಲ್ದು.”

“ನಿಮಗ್ಯಾರ್ ಹೇಳಿದ್ರು, ಮಾಮಾ?” ಎಂದ ಅಮಸಿದ್ದ.

“ಮೊಬೈಲ್‌ದಾಗ ವಿಡಿಯೋ ನೋಡೇನಿ. ಅರ್ಧಾ.”

ಹೊರಗೆ ಜೀಪಿನಲ್ಲಿ ಕೂತಿದ್ದ ಸಾವಿತ್ರೆವ್ವ ತಾನೇ ಕೈ ಚಾಚಿ ಹಾರ್ನ್ ಒತ್ತುತ್ತಿದ್ದಳು. “ದವಾಖಾನಿ ಬಂದ್ ಆಗ್ತೈತಿ, ಲಗೂನ ಬಾರೋ!”

ಜತ್ತಿನವರೆಗೂ ಜೀಪಿನಲ್ಲಿ ಅದೇ ಚರ್ಚೆ. “ಹಳೇದರಿಂದ ಏನೂ ನಿಲ್ಲೂದಿಲ್ಲ,” ಎಂದಳು ಸಾವಿತ್ರೆವ್ವ. “ನಮ್ಮನ್ಯಾಗ ಸೊಸಿ ಹೊಸಾಕಿ, ನಾ ಹಳೇಕಿ. ಯಾರಿಂದ ಕೆಲಸ ನಿಂತೈತಿ?”

“ನಿಮ್ಮಿಂದನ,” ಎಂದ ಗುರುಲಿಂಗಪ್ಪ.

ಜೀಪೆಲ್ಲ ನಕ್ಕಿತು. ಅಮಸಿದ್ದ ಮಾತ್ರ ಗೇರ್ ಬದಲಿಸುವಾಗಲೂ ಪ್ರೊಸೆಸರನ್ನೇ ನೆನೆಯುತ್ತಿದ್ದ.

ಮಧ್ಯಾಹ್ನ ಮರಳಿದವನೇ ಮದುವೆ ವಿಡಿಯೋ ಮಾಡುವ ಪಕ್ಕದ ಮನೆಯ ರವಿಕುಮಾರನನ್ನು ಹಿಡಿದು ಕಥೆಯೆಲ್ಲ ಹೇಳಿದ.

“ಕಾಕಾ, ನನ್ನ ಪ್ರೊಸೆಸರ್ ಹೊಸಾದೈತಿ, ನಿಮ್ಮ ಮಷೀನಿಗೆ ಕುಂದರ್ತೈತಿ. ಬದಲಿಗೆ ನಿಮ್ಮ ಮುದುಕನ್ನ ಕೊಡ್ರಿ. ಮ್ಯಾಲ ಆ ಕಾರ್ಡೂ ಕೊಡ್ರಿ.”

“ಕಾರ್ಡ್ ಯಾಕಲೇ?”

“ಅದರಿಂದ ಏನೂ ಆಗ್ಲಿಲ್ಲಂತ ನೀವ ಅಂತೀರಲ್ರಿ!”

ಮಾತು ಸರಿಯೆನಿಸಿತು. ಇಬ್ಬರೂ ದೇವರ ಆಣೆಯಾಗಿ ಭಂಡಾರ ಎತ್ತಿ ವ್ಯವಹಾರ ಮುಗಿಸಿದರು. ಹಾಲವ್ವನೂ ಅಡ್ಡಿ ಮಾಡಲಿಲ್ಲ. “ಮಾರಿದ ಕುರಿಗೂ ಭಂಡಾರ ಹಚ್ಚೇ ಕಳಸ್ತೀವಿ. ಒಯ್ಲಿ. ಆದ್ರ ಭಂಡಾರ ಎತ್ತಿದ ಮ್ಯಾಲ ತಿರುಗಿ ಕೇಳಂಗಿಲ್ಲ, ನೆನಪಿರ್ಲಿ.”

ಹೊಸ ಪ್ರೊಸೆಸರ್ ಕೂತಿತು. ಲಾರಿ ಈಗ ಆರು ಹೆಜ್ಜೆಗೊಮ್ಮೆ ನಿಂತಿತು.

ಅಮಸಿದ್ದ ತಲೆ ಹಿಡಿದು ಕೂತಿದ್ದಾಗ ಪಕ್ಕದ ಮನೆಯಿಂದ ಅದೇ ಲಾರಿಯ ಹಾರ್ನ್ ಕೇಳಿತು. ಓಡಿದ. ರವಿಕುಮಾರನ ಪರದೆಯಲ್ಲಿ ಲಾರಿ ಎಣ್ಣೆ ಸವರಿದ ಹಾಗೆ ಜಾರುತ್ತಿತ್ತು.

“ಯಾವ ಪ್ರೊಸೆಸರೋ ಇದು?”

“ನಿಮ್ಮ ಮುದುಕನರಿ, ಕಾಕಾ! ಅವಂದೇನೂ ತಪ್ಪಿಲ್ಲ. ನೀವು ಪರದೆ ವಾಯರ್ ಹಳೇ ತೂತಿಗೇ ಹಚ್ಚಿದ್ರಿ, ಕಾರ್ಡ್ ಪಾಪ ಸುಮ್ನ ಕುಂತಿತ್ತು. ವಾಯರ್ ಹಚ್ಚೂದು ಕಾರ್ಡಿನ ಬಾಯಿಗ್ರಿ. ಅದರಾಗ ಭಂಡಾರ ಮೆತ್ತಿತ್ತು, ನಾ ಒರೆಸಿ ಹಚ್ಚೇನಿ.”

ಕಾರ್ಡ್ ತಿರುಗಿ ಕೇಳಲೆಂದು ಅಮಸಿದ್ದ ಬಾಯಿ ತೆರೆದ. ಭಂಡಾರ ಎತ್ತಿದ ಬೆರಳುಗಳು ಇನ್ನೂ ಹಳದಿಯಾಗಿದ್ದವು. 

“ಅಪ್ಪಾ, ಬಾಜೂಕ ಸರಿ ಸ್ವಲ್ಪ, ಪರದೆ ಕಾಣವಲ್ದು,” ಎಂದಳು ಆಗಲೇ ರವಿಕುಮಾರನ ಕುರ್ಚಿಯಲ್ಲಿ ಕೂತು ಆಡುತ್ತಿದ್ದ ಕಾಜಲ್.

ಹಾಸ್ಟೆಲಿಗೆ ಹೋಗುವ ಮೊದಲು ಅವಳು ಲಾರಿ ಆಟವನ್ನು ಎಲ್ಲೂ ತಡೆಯದೆ ಆಡಿದಳು. ಅಮಸಿದ್ದ ಕೊಟ್ಟ ಮಾತು ಉಳಿಯಿತು.