ಬಾತುಕೋಳಿ ಓಣಿಯ ಹದಿನೆಂಟು ವೋಟು ಮತ್ತು ಅಧ್ಯಕ್ಷರ ಬಿಳಿ ಅಂಗಿ

ಥಾರ್ನ್‌ವಿಕ್ ಪಟ್ಟಣದ ಮೊಟ್ಟಮೊದಲ ಆರೋಗ್ಯ ಮಂಡಲಿಯ ಮೊಟ್ಟಮೊದಲ ಅಧ್ಯಕ್ಷರೂ, ತೊಗಲು ಹದ ಮಾಡುವ ಕಾರ್ಖಾನೆಯ ಮಾಲೀಕರೂ ಆದ ಶ್ರೀ ಆಂಬ್ರೋಸ್ ಗ್ಯಾದರ್‌ಕೋಲ್ ಅವರ ಸನ್ನಿಧಾನಕ್ಕೆ, ಬಾತುಕೋಳಿ ಓಣಿಯ ಕೊನೆಯ ಮನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕುವ ವಿಧವೆ ಕೆಜಾಯಾ ರಡ್ಜ್ ಸೊಂಟ ಬಗ್ಗುವಷ್ಟು ಬಗ್ಗಿ ಮಾಡುವ ವಂದನೆಗಳು. ಈ ಪತ್ರವನ್ನು ಸಂತೆಕಟ್ಟೆಯ ಕಂಬಕ್ಕೆ ಅಂಟಿಸಿದ್ದೇನೆ. ತಮ್ಮ ಮನೆಯ ಬಾಗಿಲಿಗೆ ತಂದರೆ ತಮ್ಮ ಬಟ್ಲರ್ ಅದನ್ನು ಒಲೆಗೆ ಹಾಕುತ್ತಾನೆ, ಇಲ್ಲಾದರೆ ಊರಾದರೂ ಓದೀತು.

ಮಾನ್ಯರೇ,

ಮೊದಲು ತಮ್ಮ ವಿಜಯಕ್ಕೆ ಅಭಿನಂದನೆ. ತಾವು ಹನ್ನೊಂದು ವೋಟಿನಿಂದ ಗೆದ್ದಿರಿ. ಜಮೀನಿನ ಒಡೆಯರೆಂದು ಆರು, ಕಾರ್ಖಾನೆ ನಡೆಸುವವರೆಂದು ಇನ್ನಾರು, ಹೀಗೆ ಕಾನೂನು ತಮಗೊಬ್ಬರಿಗೇ ಹನ್ನೆರಡು ವೋಟು ದಯಪಾಲಿಸಿದೆ. ಅಂದರೆ ತಮ್ಮ ಮೇಲೆ ತಮಗಿರುವ ಅಪಾರ ಅಭಿಮಾನವೊಂದೇ ತಮ್ಮನ್ನು ದಡ ಮುಟ್ಟಿಸಿತು. ಇಷ್ಟು ಒಗ್ಗಟ್ಟಿನಿಂದ ಮತ ಹಾಕಿದ ಹನ್ನೆರಡು ಮಂದಿಯನ್ನು ಥಾರ್ನ್‌ವಿಕ್ ಹಿಂದೆಂದೂ ಕಂಡಿರಲಿಲ್ಲ.

ತಮ್ಮೆದುರು ನಿಂತ ಚಮ್ಮಾರ ಜೇಬೆಜ್ ಹಾಲೆಟ್ ಎಂಥ ಪೆದ್ದ ನೋಡಿ! ಅವನು ಯಾರಿಗೂ ಬಿಯರ್ ಕುಡಿಸಲಿಲ್ಲ, ಬ್ಯಾಂಡು ಬಾರಿಸಲಿಲ್ಲ. ತಮ್ಮ ಕಾರ್ಖಾನೆಯ ಕೊಳಚೆ ಹರಿಯುವ ಚರಂಡಿ ನಮ್ಮ ಓಣಿಯ ಪಂಪಿನ ಬಾವಿಗೆ ಇಳಿಯುತ್ತಿದೆ, ಗೆದ್ದರೆ ಆ ಚರಂಡಿಯನ್ನು ಬೇರೆ ಕಡೆಗೆ ತಿರುಗಿಸುತ್ತೇನೆ ಎಂದಷ್ಟೇ ಹೇಳಿದ. ತಾವಾದರೋ 'ಬಿಳಿ ಜಿಂಕೆ' ಛತ್ರದ ಮೇಜಿನ ಮೇಲೆ ನಿಂತು, "ಆ ನೀರಲ್ಲಿ ಓಕ್ ಮರದ ತೊಗಟೆ ಸತ್ವ ಇದೆ ಕಣ್ರೀ! ದುಡ್ಡು ಕೊಟ್ರೂ ಸಿಗದ ಔಷಧಿ!" ಎಂದು ಗುಡುಗಿದಿರಿ. ಬಾಗಿಲಲ್ಲಿ ನಿಂತಿದ್ದ ನಮ್ಮ ಮುದುಕಿ ಬೆಟ್ಸಿ ಕ್ರಂಪ್, "ಹಾಗಾದ್ರೆ ಒಂದು ಲೋಟ ಕುಡಿದು ತೋರಿಸಪ್ಪಾ" ಎಂದಳು. ಬ್ಯಾಂಡಿನ ಗದ್ದಲದಲ್ಲಿ ಅದು ತಮಗೆ ಕೇಳಿಸಲಿಲ್ಲವೆಂದು ತಿಳಿದಿದ್ದೇನೆ.

ಇನ್ನು ಹದಿನೆಂಟು ವೋಟಿನ ವಿಷಯ. ಬುಧವಾರ ಮನೆಮನೆಗೆ ಚೀಟಿ ಹಂಚುವುದು, ನಾವು ಅದರಲ್ಲಿ ಗುರುತು ಹಾಕಿಟ್ಟುಕೊಳ್ಳುವುದು, ಶನಿವಾರ ಚುನಾವಣೆಯ ಗುಮಾಸ್ತ ಈನೋಕ್ ಸ್ಪ್ರಾಟ್ ಬಂದು ಒಯ್ಯುವುದು ಎಂಬ ಏರ್ಪಾಡಿತ್ತಷ್ಟೆ? ಚೀಟಿ ನೀಡುವಾಗ ಸ್ಪ್ರಾಟ್ ಬೆರಳೆತ್ತಿ, "ನೆಂದ್ರೆ ಹರಿದ್ರೆ ಲೆಕ್ಕಕ್ಕಿಲ್ಲ" ಎಂದು ಎಚ್ಚರಿಸಿದ್ದ. ನಮ್ಮದು ಬಟ್ಟೆ ಒಗೆಯುವವರ ಓಣಿ. ಹತ್ತೊಂಬತ್ತು ಮನೆಯಲ್ಲೂ ಹಂಡೆ ಕುದಿಯುತ್ತದೆ, ತಲೆಯ ಮೇಲೆ ಹಸಿ ಬಟ್ಟೆ ತೊಟ್ಟಿಕ್ಕುತ್ತದೆ. ಅಂಥಲ್ಲಿ ಮೂರು ದಿನ ಕಾಗದ ಇಟ್ಟರೆ ಅಂಬಲಿಯಾಗುತ್ತದೆ. ಓಣಿಗೆಲ್ಲ ಒಣಗಿದ ಜಾಗವೆಂದರೆ ನನ್ನ ಇಸ್ತ್ರಿ ಕೋಣೆಯೊಂದೇ. ಹುಟ್ಟಿದಾಗಿನಿಂದ ಮೊದಲ ಸಲ ವೋಟು ಹಾಕುತ್ತಿದ್ದ ನಾವೆಲ್ಲ ಆ ಚೀಟಿಗಳನ್ನು ಮದುವೆಯ ಬಟ್ಟೆಯಂತೆ ಜೋಪಾನ ಮಾಡಿ, ಹತ್ತೊಂಬತ್ತನ್ನೂ ನನ್ನ ಇಸ್ತ್ರಿ ಮೇಜಿನ ಖಾನೆಯಲ್ಲಿ ಇಟ್ಟೆವು. ನಮ್ಮ ಅಪರಾಧ ಇಷ್ಟೇ.

ಶನಿವಾರ ಬೆಳಿಗ್ಗೆ ಓಣಿಯ ಜನವೆಲ್ಲ ತಲೆ ಬಾಚಿಕೊಂಡು ನನ್ನ ಕೋಣೆಯಲ್ಲಿ ಕಾದಿದ್ದರು. ಸ್ಪ್ರಾಟ್ ಬಂದ. ನಮ್ಮನ್ನು ನೋಡಿದ, ಟೋಪಿ ಕೂಡ ಎತ್ತಿದ. ಆಮೇಲೆ ಮೊದಲ ಮನೆಗೆ ಹೋಗಿ ಬಾಗಿಲನ್ನು ಮೂರು ಸಲ ತಟ್ಟಿ, ಒಳಗೆ ಯಾರೂ ಇಲ್ಲವೆಂದು ಬರೆದುಕೊಂಡು ಎರಡನೆಯ ಮನೆಗೆ ಹೊರಟ. "ರೀ ಸ್ಪ್ರಾಟ್, ಇಲ್ಲಿದೀವಿ! ಚೀಟಿನೂ ಇಲ್ಲೇ ಇದೆ!" ಎಂದು ರೂಬೆನ್ ಪಿಮ್ ಕೂಗಿದ. "ಚೀಟಿ ಯಾವ ಮನೇದೋ ಆ ಮನೆ ಬಾಗಿಲಲ್ಲೇ ಸಿಗ್ಬೇಕು ಕಣಯ್ಯಾ, ಕಾನೂನು" ಎಂದ ಆತ. ಸರಿ, ಯಾವ ಚೀಟಿ ಯಾರದೆಂದು ಖಾನೆಯಲ್ಲಿ ನಾನು ಹುಡುಕಿ ಹುಡುಕಿ ಕೊಟ್ಟಂತೆಲ್ಲ ಒಬ್ಬೊಬ್ಬರೇ ತಮ್ಮ ತಮ್ಮ ಬಾಗಿಲಿಗೆ ಓಡಿದರು. ಎಪ್ಪತ್ತು ದಾಟಿದ ಬೆಟ್ಸಿ ಲಂಗ ಎತ್ತಿಕೊಂಡು ಓಡಿದ್ದನ್ನು ತಾವು ನೋಡಬೇಕಿತ್ತು. ಆದರೆ ಸ್ಪ್ರಾಟನ ಕಾಲು ಅಂದು ಬಲು ಚುರುಕು. ಅವರು ಮುಟ್ಟುವಷ್ಟರಲ್ಲಿ ಅವನು ಬಾಗಿಲು ದಾಟಿರುತ್ತಿದ್ದ. "ಒಂದ್ಸಲ ತಟ್ಟಿದ ಬಾಗಿಲನ್ನ ಮತ್ತೆ ತಟ್ಟೋ ಹಾಗಿಲ್ಲಮ್ಮ" ಎನ್ನುತ್ತಿದ್ದ. ಹೀಗೆ ಹದಿನೆಂಟು ಖಾಲಿ ಮನೆಗಳನ್ನು ಶ್ರದ್ಧೆಯಿಂದ ತಟ್ಟಿ, ಹತ್ತೊಂಬತ್ತನೆಯದಾಗಿ ನನ್ನ ಮನೆಗೆ ಬಂದು, ನನ್ನೊಬ್ಬಳ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಇದೇ ಸ್ಪ್ರಾಟ್ ಈಗ ತಮ್ಮ ಮಂಡಲಿಯ ಕಾರ್ಯದರ್ಶಿಯಾಗಿದ್ದಾನೆಂದು ಕೇಳಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಆ ಹದಿನೆಂಟೂ ಹಾಲೆಟ್‌ಗೆ ಹಾಕಿದ ವೋಟುಗಳು. ಹನ್ನೊಂದಕ್ಕೂ ಹದಿನೆಂಟಕ್ಕೂ ಎಷ್ಟು ಅಂತರವೆಂದು ತಮಗೆ ನಾನು ಹೇಳಿಕೊಡಬೇಕಿಲ್ಲ.

ತಮ್ಮ ಮಂಡಲಿಯ ಮೊದಲ ಸಭೆಯ ನಿರ್ಣಯಗಳನ್ನೂ ಭಕ್ತಿಯಿಂದ ಓದಿದ್ದೇನೆ. ಅಧ್ಯಕ್ಷರ ಕುರ್ಚಿಗೆ ತೊಗಲಿನ ಮೆತ್ತೆ ಹಾಕಿಸುವುದು, ತೊಗಲನ್ನು ಅಧ್ಯಕ್ಷರ ಕಾರ್ಖಾನೆಯಿಂದಲೇ ಕೊಳ್ಳುವುದು: ಪಟ್ಟಣದ ಆರೋಗ್ಯಕ್ಕೆ ಇದಕ್ಕಿಂತ ತುರ್ತಾದದ್ದು ಏನಿದೆ? ಎರಡನೆಯದು, ಆಯಾ ಓಣಿಯವರು ಆಯಾ ಓಣಿಯ ಪಂಪಿನ ನೀರನ್ನೇ ಬಳಸತಕ್ಕದ್ದು, ಮೇಲ್ಪೇಟೆಯಲ್ಲಿ ತಮ್ಮ ಮನೆಯ ಪಕ್ಕದ ಬುಗ್ಗೆಗೆ ಹೊರಗಿನವರು ಕೊಡ ತರಕೂಡದು. ಬುಗ್ಗೆಯ ಮುಂದೆ ಕಾನ್‌ಸ್ಟೇಬಲ್ಲನ್ನು ನಿಲ್ಲಿಸಿದ್ದೂ ಆಯಿತು.

ಮಾನ್ಯರೇ, ಇಲ್ಲಿ ನನ್ನ ವಿನಯ ಸ್ವಲ್ಪ ತಡವರಿಸುತ್ತದೆ, ಕ್ಷಮಿಸಬೇಕು. ರೂಬೆನ್‌ನ ಹೆಂಡತಿ ಡಾರ್ಕಸ್ ಮೂರು ವಾರದಿಂದ ಜ್ವರ ಹಿಡಿದು ಮಲಗಿದ್ದಾಳೆ. ಡಾಕ್ಟರು ಕೈಮುಗಿದು ಹೇಳಿಹೋದರು, ಆ ಪಂಪಿನ ನೀರನ್ನು ಅವಳ ತುಟಿಗೆ ತಾಗಿಸಬೇಡಿ ಎಂದು. ರೂಬೆನ್ ದಿನಾ ಬುಗ್ಗೆಯಿಂದ ಒಂದು ಹೂಜಿ ನೀರು ತರುತ್ತಿದ್ದ, ಅವಳು ಗುಟುಕುಗುಟುಕಾಗಿ ಕುಡಿದು ಕಣ್ಣು ಬಿಡುವಷ್ಟಾಗಿದ್ದಳು. ಗುರುವಾರ ಕಾನ್‌ಸ್ಟೇಬಲ್ ಆ ಹೂಜಿಯನ್ನು ರಸ್ತೆಯಲ್ಲೇ ಚೆಲ್ಲಿಸಿದ. ಅಂದಿನಿಂದ ಪಂಪಿನ ನೀರನ್ನೇ ಮೂರು ಸಲ ಸೋಸಿ, ಕಾಯಿಸಿ ಕೊಡುತ್ತಿದ್ದೇವೆ, ಅವಳು ಕುಡಿದದ್ದೆಲ್ಲ ವಾಂತಿ ಮಾಡುತ್ತಿದ್ದಾಳೆ. ನನಗೆ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಮಾತಿನಲ್ಲಿ ಹೇಳಲು ಬೇರೆ ಪದ ಸಿಗಲಿಲ್ಲ.

ಆದ್ದರಿಂದ ಮಂಡಲಿಯ ಮುಂದೆ ನನ್ನ ಕೆಲವು ಕೋರಿಕೆಗಳು. ಜ್ವರಕ್ಕೂ ಸ್ಪ್ರಾಟನ ಕಾನೂನನ್ನೇ ಅನ್ವಯಿಸಿ ಆಜ್ಞೆ ಹೊರಡಿಸಬೇಕು: ಬಾಗಿಲು ಮೂರು ಸಲ ತಟ್ಟಬೇಕು, ಆಳು ಅಲ್ಲಿ ಸಿಗದಿದ್ದರೆ ಬರೆದುಕೊಂಡು ಹೊರಟುಹೋಗಬೇಕು, ಮತ್ತೆ ಬರಕೂಡದು. ಅದಾಗದಿದ್ದರೆ ಮುಂದಿನ ವರ್ಷ ಸ್ಪ್ರಾಟನ ಬದಲು ಜ್ವರವನ್ನೇ ಗುಮಾಸ್ತನಾಗಿ ನೇಮಿಸಬೇಕು, ಏಕೆಂದರೆ ಅದು ನಮ್ಮ ಓಣಿಯ ಒಂದು ಮನೆಯನ್ನೂ ಬಿಟ್ಟುಹೋಗುವುದಿಲ್ಲ. ಕೊಳಚೆಗೆ ಬಾವಿ ಯಾವುದು, ಹೊಳೆ ಯಾವುದು ಎಂದು ತಿಳಿಸಿ ನೋಟೀಸು ಕೊಡಬೇಕು, ತಮ್ಮ ಕಾರ್ಖಾನೆಯ ಕೊಳಚೆಯಾದ್ದರಿಂದ ತಮ್ಮ ಮಾತನ್ನು ಕೇಳಿಯೇ ಕೇಳುತ್ತದೆ. ಇವೆಲ್ಲ ಕಷ್ಟವಾದರೆ ದಿನಕ್ಕೆ ಒಂದೇ ಒಂದು ಹೂಜಿ ಬುಗ್ಗೆಯ ನೀರನ್ನು ಡಾರ್ಕಸ್ ಪಿಮ್‌ಗೆ ಬಿಡಬೇಕು. ಈ ಕೊನೆಯದು ಹಾಸ್ಯವಲ್ಲ.

ಇಲ್ಲಿಯವರೆಗೆ ತಾಳ್ಮೆಯಿಂದ ಓದಿದ್ದಕ್ಕೆ, ಅಥವಾ ಯಾರೋ ಓದಿ ಹೇಳಿದ್ದನ್ನು ಕೇಳಿದ್ದಕ್ಕೆ, ಓಣಿಯ ಪರವಾಗಿ ಕೃತಜ್ಞಳು.

ಹತ್ತೊಂಬತ್ತರಲ್ಲಿ ಎಣಿಕೆಗೆ ಬಂದ ಒಬ್ಬಳೇ ಮತದಾರಳಾದ,
ತಮ್ಮ ವಿಶ್ವಾಸಿ,
ಕೆಜಾಯಾ ರಡ್ಜ್

ತಾ.ಕ.: ಸಣ್ಣದೊಂದು ವ್ಯವಹಾರದ ಮಾತು. ತಮ್ಮ ಮನೆಯ ಅಂಗಿ, ಕಾಲರು, ಮೇಜಿನ ಹಾಸು ಮೂರು ವರ್ಷದಿಂದ ನನ್ನಲ್ಲೇ ಒಗೆತಕ್ಕೆ ಬರುತ್ತಿವೆ. ಮೊದಲ ವಾರ ಮೇಜಿನ ಹಾಸು ಚಹಾದ ಬಣ್ಣಕ್ಕೆ ತಿರುಗಿದಾಗ ತಮ್ಮ ಶ್ರೀಮತಿಯವರು, "ಆ ಹಾಳು ಪಂಪಿನ ನೀರನ್ನ ನಮ್ಮನೆ ಬಟ್ಟೆಗೆ ಮುಟ್ಟಿಸ್ಬೇಡ ಕೆಜಾಯಾ, ನಮ್ಮ ಬುಗ್ಗೆ ನೀರೇ ತಗೊಂಡೋಗು" ಎಂದು ಕಟ್ಟಪ್ಪಣೆ ಮಾಡಿದ್ದರು. ಅಂದಿನಿಂದ ಪ್ರತಿ ಸೋಮವಾರ ನಾಲ್ಕು ಪೀಪಾಯಿ ಬುಗ್ಗೆಯ ನೀರು ತಮ್ಮ ಬಟ್ಟೆಗೆಂದೇ ಗಾಡಿಯಲ್ಲಿ ಬರುತ್ತಿತ್ತು. ಈಗ ತಮ್ಮದೇ ನಿರ್ಣಯ ಅದನ್ನೂ ನಿಲ್ಲಿಸಿದೆ. ಗಾಡಿಗೆ ಅನುಮತಿಯ ಚೀಟಿ ಬರೆದುಕೊಡುವ ಮನಸ್ಸಿದ್ದರೆ ಭಾನುವಾರದೊಳಗೆ ಬರೆದುಕೊಡಿ. ತಮ್ಮ ಅಂಗಿಗಳು ಮೂರು ಪೀಪಾಯಿಯಲ್ಲೇ ಬೆಳ್ಳಗಾಗುತ್ತವೆ, ನಾಲ್ಕನೆಯದು ಯಾರ ಮನೆಗೆ ಹೋಯಿತೆಂದು ಕಾನ್‌ಸ್ಟೇಬಲ್ ಕೇಳಕೂಡದು, ಅಷ್ಟೇ. ಚೀಟಿ ಬಾರದಿದ್ದರೂ ಚಿಂತೆಯಿಲ್ಲ, ತಮ್ಮ ಕಾಲರುಗಳನ್ನು ನಮ್ಮ ಪಂಪಿನ ನೀರಲ್ಲೇ ಒಗೆಯುತ್ತೇನೆ. ಮುಂದಿನ ಸಭೆಗೆ ತಾವು ನಮ್ಮ ಓಣಿಯ ನೀರನ್ನು ಕೊರಳಿಗೆ ಕಟ್ಟಿಕೊಂಡು ಬರುತ್ತೀರಿ, ಅದರಲ್ಲೇನಿದೆಯೆಂದು ಪಕ್ಕದಲ್ಲಿ ಕೂತವರು ಮೂಗಿನಿಂದಲೇ ತಿಳಿದುಕೊಳ್ಳುತ್ತಾರೆ.