ಹೆಂಡತಿ ಹೆಸರಿಗೆ ಅರ್ಧ ಪರ್ಸೆಂಟ್ ಕಡಿಮೆ

ಭೂಮಂಡಲದಲ್ಲಿ ಹೆದರಿಕೆ ಎಂಬುದನ್ನು ಕಂಡುಹಿಡಿದವನು ಯಾರೋ ಬಯಲುಸೀಮೆಯವನೇ ಇರಬೇಕು, ಮಲೆನಾಡಿನ ಗಂಡಸಿಗೆ ಅದರ ಪರಿಚಯವೇ ಇಲ್ಲ ಎಂಬುದು ಗೋಣಿಬೀಡಿನ ಮಲ್ಲಿಕಾರ್ಜುನಪ್ಪನವರ ಖಚಿತ ಅಭಿಪ್ರಾಯವಾಗಿತ್ತು. ಪೇಟೆಯಲ್ಲಿ ಗೊಬ್ಬರದ ಅಂಗಡಿ, ಊರಾಚೆ ಒಂದಿಷ್ಟು ಕಾಫಿ ತೋಟ, ಜೊತೆಗೆ ಮೂವತ್ತು ವರ್ಷ ಜೀಪು ಓಡಿಸಿದ ಬಲ. ಇಷ್ಟೆಲ್ಲ ಇದ್ದವರು ಯಾಕೆ ಹೆದರಬೇಕು? ಹಾಗಾಗಿ ಎರಡು ಸಾವಿರದ ಮೂರನೇ ಇಸವಿಯ ದಸರಾ ಹೊತ್ತಿಗೆ ಚಿಕ್ಕಮಗಳೂರಿನ ಕಾರಿನ ಷೋರೂಮಿನವರು ಮೂಡಿಗೆರೆಯಲ್ಲಿ ಶಾಮಿಯಾನ ಹಾಕಿ, ಬಲೂನು ಕಟ್ಟಿ, 'ಸ್ಪೆಷಲ್ ಆಫರ್' ಎಂದು ಮೈಕಿನಲ್ಲಿ ಕೂಗತೊಡಗಿದಾಗ ಅವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಘೋಷಿಸಿಯೇ ಬಿಟ್ಟರು.

"ಸಾಲಕ್ಕೆ ಹೆದರೋನು ಕಾರು ತಗೋಬಾರ್ದು. ನಾನು ತಗೋತೀನಿ."

ಆ ಆಫರೂ ಹಾಗೇ ಇತ್ತು, ಸತ್ತವನೂ ಎದ್ದು ಬಂದು ಸಹಿ ಹಾಕಬೇಕು! ಕೈಯಿಂದ ಒಂದು ಪೈಸೆ ಬಿಚ್ಚುವ ಹಾಗಿಲ್ಲ, ಹಳೇ ಗಾಡಿ ಕೊಟ್ಟರೆ ಅದೇ ಮುಂಗಡ. ಮೊದಲ ಕಂತು ಕಾಫಿ ಕುಯ್ಲು ಮುಗಿದ ಮೇಲೆ. ಎಲ್ಲಕ್ಕಿಂತ ರುಚಿಯಾದ ಮಾತೆಂದರೆ, ಸಾಲ ಮನೆಯ ಹೆಂಗಸಿನ ಹೆಸರಲ್ಲಿದ್ದರೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಕಡಿಮೆ. ಮಲ್ಲಿಕಾರ್ಜುನಪ್ಪನವರಿಗೆ ಹೆಂಡತಿಯ ಹೆಸರು ಇಷ್ಟು ಬೆಲೆ ಬಾಳುತ್ತದೆಂದು ಮದುವೆಯಾದಂದಿನಿಂದ ಮೊದಲ ಸಲ ಗೊತ್ತಾಯಿತು. ಮನೆಗೆ ಬಂದು ವಿಶಾಲಾಕ್ಷಮ್ಮನವರ ಮುಂದೆ ವಿಷಯ ಇಟ್ಟರು. ಸುಮ್ಮನೆ ಒಂದು ಸಹಿ, ಹೆಸರು ಕಾಗದದ ಮೇಲೆ ಮಾತ್ರ, ಕಾರಿನ ಯಜಮಾನಿಕೆ ಎಂದಿನಂತೆ ತಮ್ಮದೇ ಎಂದು ಬಿಡಿಸಿ ಹೇಳಿದರು. ಆಕೆ ಹಿಟ್ಟಿನ ಕೈ ತೊಳೆದುಕೊಂಡು ಬಂದರು.

ಮುಂಗಡಕ್ಕೆ ಹೋದ ಜೀಪನ್ನು ಬೀಳ್ಕೊಡುವಾಗ ಮಲ್ಲಿಕಾರ್ಜುನಪ್ಪನವರ ಕಣ್ಣಲ್ಲಿ ನೀರು ಬಂದಿದ್ದು ನಿಜ. ಮಹಾ ಸಾಧ್ವಿ ಜೀಪು ಅದು. ಬ್ಯಾಟರಿ ಎಂಬುದು ಅದಕ್ಕೆ ಅಲಂಕಾರ. ಸದಾ ಇಳಿಜಾರಿನಲ್ಲೇ ನಿಲ್ಲಿಸಬೇಕು, ತಳ್ಳಿದರೆ ಹೊರಡುತ್ತಿತ್ತು. ಬ್ರೇಕು ಮೊದಲ ತುಳಿತಕ್ಕೆ ಹಿಡಿಯುವ ಪೈಕಿಯಲ್ಲ, ಪಂಪು ಹೊಡೆದ ಹಾಗೆ ಪದೇ ಪದೇ ತುಳಿದು ಅದನ್ನು ಒಲಿಸಿಕೊಳ್ಳಬೇಕು. ನಿಂತ ಮೇಲೆ ತೋಟದ ಆಳು ಲಕ್ಕಯ್ಯ ಹಿಂದಿನಿಂದ ಹಾರಿ ಚಕ್ರಕ್ಕೆ ಕಲ್ಲು ಕೊಡಬೇಕು. ಇಳಿಜಾರು ಸಿಕ್ಕಿದ ಕೂಡಲೇ ಇಂಜಿನ್ ಆಫ್. 'ಇಳಿಜಾರು ಅಂದ್ರೆ ದೇವರು ಕೊಟ್ಟ ಪೆಟ್ರೋಲು' ಎಂಬುದು ಅವರ ಮಾತು. ಆ ಸೀಮೆಯಲ್ಲಿ ಹಾಗೆ ಓಡಿಸದವರು ಯಾರಾದರೂ ಇದ್ದರೆ ಅವರು ಹೊಸಬರೆಂದೇ ಲೆಕ್ಕ.

ಷೋರೂಮಿನಲ್ಲಿ ರಕ್ಷಾ ಎಂಬ ಹುಡುಗಿ ನಗುನಗುತ್ತ ಬೀಗದ ಕೈಯನ್ನು ವಿಶಾಲಾಕ್ಷಮ್ಮನವರ ಕೈಗೇ ಇಟ್ಟಳು. ಮಲ್ಲಿಕಾರ್ಜುನಪ್ಪನವರು ಅಷ್ಟು ಹೊತ್ತಿಗೆ ಕಾಲೊರಸು ಮ್ಯಾಟು ಬಿಟ್ಟಿ ಕೊಡುತ್ತೇವೆಂದವರು ಕೊಡಲಿಲ್ಲವೆಂದು ಮ್ಯಾನೇಜರ ಕೋಣೆಗೆ ನುಗ್ಗಿದ್ದರು. ಗೆದ್ದು, ಮ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ವಿಜಯೋತ್ಸವದಿಂದ ಹೊರಬರುವಾಗ ಹೆಂಡತಿ ಆ ಹುಡುಗಿಯನ್ನು ಏನೋ ಕೇಳುತ್ತಿದ್ದರು.

"ಕಂತು ನಿಂತೋದ್ರೆ ಯಾರನ್ನ ಹುಡುಕ್ಕೊಂಡು ಬರ್ತಾರಮ್ಮ?"

"ಓನರನ್ನ ಆಂಟಿ. ಅಂದ್ರೆ ನಿಮ್ಮನ್ನ."

ವಿಶಾಲಾಕ್ಷಮ್ಮನವರು ದಾರಿಯುದ್ದಕ್ಕೂ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಗಂಡನಿಗೆ ಅದು ಕಾರು ಬಂದ ಸಂತೋಷವಾಗಿ ಕಂಡಿತು.

ಹೆದರಿಕೆ ಶುರುವಾದದ್ದು ಮಾರನೇ ದಿನ. ಎದುರಿನ ಬಟ್ಟೆ ಅಂಗಡಿಯ ಗುರುವಯ್ಯ ಕಾರು ನೋಡಲು ಬಂದವನು ಹೊಟ್ಟೆಕಿಚ್ಚನ್ನು ಅಡಗಿಸಲಾರದೆ ಒಂದು ಕತೆ ಹೇಳಿ ಹೋದ. ಹಾಸನದ ಕಡೆ ಯಾರದೋ ಕಂತು ತಪ್ಪಿತಂತೆ. ಸಾಲ ಕೊಟ್ಟವರ ಕಡೆಯ, ಬಿಳಿ ಅಂಗಿಯ ಇಬ್ಬರು ಬೈಕಿನಲ್ಲಿ ಬಂದು, ಮದುವೆಗೆ ಹೊರಟಿದ್ದವರನ್ನು ನಡುರಸ್ತೆಯಲ್ಲಿ ಇಳಿಸಿ, ಕಾರು ತೆಗೆದುಕೊಂಡು ಹೋದರಂತೆ. ಹೆಂಗಸರು ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಕಲ್ಯಾಣಮಂಟಪದವರೆಗೂ ನಡೆದರಂತೆ. "ಹುಷಾರು ಮಾರಾಯ," ಎಂದು ಬೆನ್ನು ತಟ್ಟಿ ಹೋದ.

ಅಂದಿನಿಂದ ಮಲ್ಲಿಕಾರ್ಜುನಪ್ಪನವರಿಗೆ ಬಿಳಿ ಅಂಗಿ ಕಂಡರೆ ಎದೆ ಡವಡವ. ಕಂತು ಶುರುವಾಗಲು ಇನ್ನೂ ತಿಂಗಳುಗಳಿದ್ದವು, ಆದರೆ ಹೆದರಿಕೆಗೆ ಕುಯ್ಲಿನವರೆಗೆ ಕಾಯುವ ಆಫರ್ ಇರಲಿಲ್ಲವಲ್ಲ! ಅಂಗಡಿಯ ಮುಂದೆ ಇಬ್ಬರು ಕೂತ ಬೈಕು ನಿಂತರೆ ಅವರು ಯೂರಿಯಾ ಮೂಟೆಗಳ ಹಿಂದೆ ಮಾಯ. ಒಮ್ಮೆ ಹಾಗೆ ಅಡಗಿಕೊಂಡಿದ್ದಾಗ ಬಂದವರು ಪಾಪ ಮಲ್ಲಂದೂರು ಕಡೆಯ ಬೆಳೆಗಾರರು. ಕೂಗಿ ಕೂಗಿ ಸಾಕಾಗಿ, ಪಕ್ಕದ ಅಂಗಡಿಯಲ್ಲಿ ಒಂದು ಲೋಡು ಗೊಬ್ಬರ ಕೊಂಡು ಹೋದರು. ಮೂಟೆಯ ಸಂದಿಯಿಂದ ಅದನ್ನು ನೋಡುತ್ತ ಕೂತವರ ಸಂಕಟ ಯಾವ ಶತ್ರುವಿಗೂ ಬೇಡ.

ಕಾಫಿ ರೇಟು ಆ ವರ್ಷ ನೆಲ ಕಚ್ಚಿತ್ತು. ಕಂತು ಕಟ್ಟಲಾಗದಿದ್ದರೆ? ಬಿಳಿ ಅಂಗಿಯವರು ಮನೆ ಬಾಗಿಲಿಗೆ ಬಂದು, ಇಡೀ ಬೀದಿಗೆ ಕೇಳುವಂತೆ ವಿಶಾಲಾಕ್ಷಮ್ಮನವರ ಹೆಸರು ಹಿಡಿದು ಕೂಗಿದರೆ? ಅರ್ಧ ಪರ್ಸೆಂಟಿನ ಆಸೆಗೆ ಹೆಂಡತಿಯ ಮಾನವನ್ನು ಒತ್ತೆಯಿಟ್ಟ ಹಾಗಾಯಿತಲ್ಲ ಎಂದು ಅವರು ಕೊರಗಿದರು. ಹೆಂಡತಿಗೆ ಹೇಳುವ ಹಾಗೂ ಇಲ್ಲ, ಘೋಷಣೆ ಮಾಡಿದ್ದು ಇದೇ ಬಾಯಿ. ಆದ್ದರಿಂದ ಗುಟ್ಟಾಗಿ ಉಳಿತಾಯ ಯೋಜನೆ ಜಾರಿಗೆ ಬಂತು. ಕಾರಿನಲ್ಲಿ ಏಸಿ ಹಾಕುವಂತಿಲ್ಲ. ಹಾರ್ನು ಬಾಯಲ್ಲೇ. ಮತ್ತೆ ಇಳಿಜಾರು ಸಿಕ್ಕಲ್ಲೆಲ್ಲ, ಹಳೇ ಪದ್ಧತಿಯಂತೆ, ದೇವರು ಕೊಟ್ಟ ಪೆಟ್ರೋಲು.

ಹೊಸ ಗಾಡಿಗೆ ದೇವರಮನೆ ಗುಡ್ಡದ ಭೈರವನ ಗುಡಿಯಲ್ಲಿ ಪೂಜೆ ಮಾಡಿಸಬೇಕೆಂದು ಹಟ ಹಿಡಿದವರು ಅವರ ಅಕ್ಕ ಬಸಮ್ಮ. ಭಾನುವಾರ ಹೊರಟರು. ಮುಂದೆ ಗಂಡ ಹೆಂಡತಿ, ಹಿಂದೆ ಬಸಮ್ಮ ಮತ್ತು ಲಕ್ಕಯ್ಯ. ಲಕ್ಕಯ್ಯನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಕಲ್ಲು! ಹೊಸ ಕಾರಿಗೆ ಕಲ್ಲು ಯಾಕೆ ಎಂದು ವಿಶಾಲಾಕ್ಷಮ್ಮ ಕೇಳಿದ್ದಕ್ಕೆ, ಗಾಡಿ ಹೊಸದಾದರೂ ಗುಡ್ಡ ಹಳೇದೇ ಎಂದು ಮಲ್ಲಿಕಾರ್ಜುನಪ್ಪನವರು ಉತ್ತರಿಸಿದ್ದರು.

ಪೂಜೆ ಚೆನ್ನಾಗಿಯೇ ಆಯಿತು. ನಿಂಬೆಹಣ್ಣು ಚಕ್ರದಡಿ ಚಿಟ್ ಎಂದಿತು. ಹುಲ್ಲುಗುಡ್ಡದ ಮೇಲೆ ಗಾಳಿ ಹಿತವಾಗಿತ್ತು. ವಾಪಸು ಹೊರಟು ಇಳಿಜಾರು ಶುರುವಾದದ್ದೇ ತಡ, ಅವರು ಗೇರು ನ್ಯೂಟ್ರಲ್ಲಿಗೆ ತಂದು, ಕೀಲಿ ಹಿಂದಕ್ಕೆ ತಿರುಗಿಸಿದರು. ಇಂಜಿನ್ನಿನ ಸದ್ದು ನಿಂತಿತು. ಗಾಳಿಯ ಸುಯ್ಯೆಂಬ ಸದ್ದಷ್ಟೇ ಉಳಿದು, ಕಾರು ಬೆಣ್ಣೆಯ ಹಾಗೆ ಜಾರತೊಡಗಿತು.

"ಯಾಕ್ರೀ ಆಫ್ ಮಾಡಿದ್ರಿ?" ಎಂದರು ವಿಶಾಲಾಕ್ಷಮ್ಮ.

"ಮೂವತ್ತು ವರ್ಷದ ಸರ್ವೀಸು. ಸುಮ್ನೆ ಕೂತ್ಕೋ."

ಮೊದಲ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಲು ಹೋದರು. ಬೆಳಿಗ್ಗೆ ಒಂದೇ ಬೆರಳಿಗೆ ತಿರುಗುತ್ತಿದ್ದದ್ದು ಈಗ ರುಬ್ಬುಗುಂಡಾಗಿತ್ತು. ಎರಡೂ ಕೈಯಲ್ಲಿ ಜೋತು ಬಿದ್ದು ಹೇಗೋ ತಿರುಗಿಸಿದರು. ಹೊಸ ಕಾರುಗಳಲ್ಲಿ ಸ್ಟೇರಿಂಗು, ಬ್ರೇಕು ಎಲ್ಲಕ್ಕೂ ಇಂಜಿನ್ನೇ ಕಸುವು ಕೊಡುತ್ತದೆ, ಅದು ಮಲಗಿದರೆ ಎಲ್ಲವೂ ಮಲಗುತ್ತವೆ ಎಂಬ ವಿಚಾರ ಜೀಪಿನ ಕಾಲದವರಿಗೆ ಯಾರು ಹೇಳಬೇಕು? ಕಾರಿನ ಓಟ ಹೆಚ್ಚಿತು. ಅವರು ಬ್ರೇಕು ತುಳಿದರು, ಒಳಗೆ ಉಳಿದಿದ್ದ ಕಸುವಿಗೆ ಹಿಡಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೂವತ್ತು ವರ್ಷದ ಕಾಲು ಕೇಳಬೇಕಲ್ಲ, ಪದ್ಧತಿಯಂತೆ ಪಂಪು ಹೊಡೆಯಿತು. ಪ್ರತಿ ತುಳಿತಕ್ಕೂ ಆ ಕಸುವು ಖರ್ಚಾಗಿ ಪೆಡಲು ಗಟ್ಟಿಯಾಗುತ್ತ ಹೋಗಿ, ಕೊನೆಗೆ ಬಂಡೆಯನ್ನು ತುಳಿದ ಹಾಗಾಯಿತು.

ಮಲ್ಲಿಕಾರ್ಜುನಪ್ಪನವರು ಇಂಜಿನ್ ಎಬ್ಬಿಸಬೇಕೆಂದುಕೊಂಡರು. ಗಾಬರಿಯಲ್ಲಿ ಕೀಲಿ ತಿರುಗಿಸಲು ಕೈ ಚಾಚಿದರು. ಕೈ ಹೋದದ್ದು ಜೀಪಿನಲ್ಲಿ ಕೀಲಿ ಇರುತ್ತಿದ್ದ ಜಾಗಕ್ಕೆ, ಡ್ಯಾಶ್‌ಬೋರ್ಡಿನ ನಡುವಿಗೆ. ಅಲ್ಲಿ ಈಗ ತಾನೇ ಅಂಟಿಸಿದ್ದ ಗಣಪತಿ ಸಿಕ್ಕಿತು. ಅವರು ಅದನ್ನೇ ಹಿಡಿದು ತಿರುಗಿಸಿದರು. ಗಣಪತಿ ಕೈಗೆ ಬಂತು.

ಎಡಕ್ಕೆ ಗುಡ್ಡ, ಬಲಕ್ಕೆ ಪ್ರಪಾತ, ಮುಂದೆ ಇನ್ನೊಂದು ತಿರುವು. ಹಿಂದೆ ಬಸಮ್ಮ ಭೈರವನನ್ನು ಕೂಗುವುದನ್ನು ಬಿಟ್ಟು ತಮ್ಮನನ್ನೇ ಬೈಯಲು ಶುರುಮಾಡಿದ್ದರು. "ಲಕ್ಕಾ, ಕಲ್ಲು ಕೊಡೋ" ಎಂದು ಮಲ್ಲಿಕಾರ್ಜುನಪ್ಪನವರು ಕಿರುಚಿದರು. ಲಕ್ಕಯ್ಯನಿಗೆ ಬಾಗಿಲು ತೆಗೆಯುವುದು ಗೊತ್ತಿಲ್ಲ, ಜೀಪಿಗೆ ಬಾಗಿಲಿದ್ದರೆ ತಾನೇ? ಅವನು ಯಜಮಾನರ ಮಾತು ಮೀರಬಾರದೆಂದು ಟವೆಲು ಬಿಚ್ಚಿ ಕಲ್ಲನ್ನು ಭಕ್ತಿಯಿಂದ ಮುಂದಕ್ಕೆ ಚಾಚಿ ಹಿಡಿದ. "ತಗಳಿ ಅಯ್ಯಾ," ಎಂದ.

ಆ ಕ್ಷಣ ಅವರಿಗೆ ಕಾರು, ಕಂತು, ಬಿಳಿ ಅಂಗಿ ಎಲ್ಲ ಮರೆತುಹೋಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾತ್ರ ಕಂಡರು. ಸೆರಗು ಮುಂದೆ ಎಳೆದುಕೊಂಡು, ಬಗ್ಗಿ, ಸೀಟಿನ ಸಂದಿಯಲ್ಲಿ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡು ಹೆದರಿ ಕೂತಿದ್ದರು, ಪಾಪ. ಇವಳನ್ನು ಕರೆತಂದು ಕೊಲ್ಲುತ್ತಿದ್ದೇನಲ್ಲ ಎಂದುಕೊಂಡರು.

"ವಿಶಾಲಾ, ನಂಗೆ ಹೆದರಿಕೆ ಆಗ್ತಿದೆ ಕಣೇ," ಎಂದರು. ಇಡೀ ದಾಂಪತ್ಯದಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಆಡಿ, ಕಣ್ಣು ಮುಚ್ಚಿ, ಬಂಡೆಯಾಗಿದ್ದ ಪೆಡಲಿನ ಮೇಲೆ ಎದ್ದು ನಿಂತೇಬಿಟ್ಟರು.

ಸುಟ್ಟ ವಾಸನೆ ಬಂತು. ಕಾರು ಮುಲುಗಿತು, ನಿಧಾನವಾಯಿತು, ಕುಂಟಿತು, ತಿರುವಿನ ಅಂಚಿನ ಬೇಲಿಗೆ ಮೂಗು ತಾಗಿಸಿ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಎಲ್ಲರೂ ಬದುಕಿದ್ದರು. ಕಾರಿಗೆ ಒಂದು ಗೀರೂ ಇರಲಿಲ್ಲ. ವಿಶಾಲಾಕ್ಷಮ್ಮ ಇಳಿದು, ಹುಲ್ಲಿನ ಮೇಲೆ ಕೂತು, ಬಾಟಲಿಯ ನೀರನ್ನೆಲ್ಲ ಒಬ್ಬರೇ ಕುಡಿದರು. ಎಷ್ಟೋ ಹೊತ್ತಿನ ಮೇಲೆ ಕೈಗೆ ಕೀಲಿಯ ಜಾಗ ಸಿಕ್ಕಿತು, ಇಂಜಿನ್ ಎದ್ದಿತು, ಒಂದನೇ ಗೇರಿನಲ್ಲಿ ಮೆರವಣಿಗೆ ಮನೆ ತಲುಪಿತು.

ಸಂಜೆಯ ಹೊತ್ತಿಗೆ ಮಲ್ಲಿಕಾರ್ಜುನಪ್ಪನವರ ಕೈ ನಡುಕ ನಿಂತಿರಲಿಲ್ಲ, ಬಾಯಿ ಮಾತ್ರ ಪೂರ್ತಿ ಚೇತರಿಸಿಕೊಂಡಿತ್ತು. ಜಗಲಿಯಲ್ಲಿ ಗುರುವಯ್ಯನೂ ಅಕ್ಕಪಕ್ಕದವರೂ ಸೇರಿದ್ದರು. ಉಳಿಸಿದ್ದು ಭೈರವನೇ ಎಂದು ಬಸಮ್ಮ ಕೈಮುಗಿದರು. ದೇವರು ದೊಡ್ಡವನು, ಇಲ್ಲವೆನ್ನುವುದಿಲ್ಲ, ಆದರೆ ಪೆಡಲಿನ ಮೇಲಿದ್ದದ್ದು ಯಾರ ಕಾಲು ಎಂಬುದನ್ನೂ ನೋಡಬೇಕು ಎಂದರು ತಮ್ಮ. ಕಂಪನಿಯವರ ಬ್ರೇಕು ಕೈಕೊಟ್ಟಾಗ ತಾವು ಹೇಗೆ ಅರೆಕ್ಷಣದಲ್ಲಿ ತೀರ್ಮಾನ ಮಾಡಿ ಎದ್ದು ನಿಂತರು, ಆ ಒತ್ತಡಕ್ಕೆ ಬ್ರೇಕು ಹೇಗೆ ಹೊಗೆಯಾಡಿತು, ಇನ್ನೊಬ್ಬನಾಗಿದ್ದರೆ ಹೇಗೆ ಹೆದರಿ ಎಲ್ಲರನ್ನೂ ಕೊಲ್ಲುತ್ತಿದ್ದ ಎಂದೆಲ್ಲ ವರ್ಣಿಸಿ, ಬಲಗಾಲನ್ನು ನಾಲ್ಕು ಜನ ನೋಡುವಂತೆ ಸ್ಟೂಲಿನ ಮೇಲೆ ಇಟ್ಟರು. ಗುರುವಯ್ಯ ಅದನ್ನು ಗೌರವದಿಂದ ನೋಡಿದ.

ಕಾಫಿ ತಂದ ವಿಶಾಲಾಕ್ಷಮ್ಮ ಲೋಟಗಳನ್ನು ಎಲ್ಲರಿಗೂ ಕೊಟ್ಟು ಮುಗಿಸಿದರು. ಆಮೇಲೆ ಬಲಗೈಯನ್ನು ಗಂಡನ ಮುಂದೆ ಚಾಚಿದರು. ಅಂಗೈ ಉದ್ದಕ್ಕೂ ಕೆಂಪು ಬರೆ ಎದ್ದಿತ್ತು.

"ನಿಮ್ಮ ಕಾಲಲ್ಲ ರೀ. ಹ್ಯಾಂಡ್ ಬ್ರೇಕು."

ಗುರುವಯ್ಯ ಕಾಲಿನಿಂದ ಕಣ್ಣು ತೆಗೆದು ಆ ಅಂಗೈ ನೋಡಿದ. ಜೀಪಿನಲ್ಲೂ ಒಂದು ಹ್ಯಾಂಡ್ ಬ್ರೇಕಿತ್ತು. ಹದಿನೈದು ವರ್ಷದಿಂದ ಮಲ್ಲಿಕಾರ್ಜುನಪ್ಪನವರು ಅದಕ್ಕೆ ಕೈಚೀಲ ನೇತು ಹಾಕುತ್ತಿದ್ದರು. ಅದರಿಂದ ಬೇರೆ ಉಪಯೋಗವೂ ಇದೆಯೆಂದು ಅವರಿಗೆ ಮರೆತೇ ಹೋಗಿತ್ತು.

"ನಿಂಗ್ಯಾರು ಹೇಳಿದ್ರು ಅದು ಎಳೀಬೇಕು ಅಂತ?" ಎಂದು ಕೇಳಿದ ದನಿ ಅವರದೇ ಎಂದು ಅವರಿಗೇ ಗುರುತು ಸಿಗಲಿಲ್ಲ.

"ಆ ಹುಡುಗಿ. ನೀವು ಮ್ಯಾಟಿಗೆ ಜಗಳಾಡ್ತಿದ್ರಿ. ಓನರಿಗೆ ಎಲ್ಲಾ ತೋರಿಸ್ಬೇಕು ಅಂತ ಕೂರಿಸ್ಕೊಂಡು ಹೇಳಿಕೊಟ್ಲು. ಒಂದೇ ಸಲ ಜಗ್ಗಬಾರ್ದು, ಸ್ವಲ್ಪ ಸ್ವಲ್ಪನೇ ಎಳೀಬೇಕು ಅಂದಿದ್ಲು, ಹಾಗೇ ಎಳೆದೆ." ಆಕೆ ದನಿ ತಗ್ಗಿಸಿದರು. "ನಿಮ್ಮ ಕೈ ನಡುಕ ನಿಲ್ಲಲಿ, ಆಮೇಲೆ ಹೇಳೋಣ ಅಂತಿದ್ದೆ. ಅದು ನಿಲ್ಲೋದ್ರೊಳಗೆ ನೀವು ಕಾಲಿಗೆ ಪೂಜೆ ಮಾಡಿಸ್ಕೊಳ್ಳೋ ಹಾಗೆ ಕಾಣ್ತು."

ಮಲ್ಲಿಕಾರ್ಜುನಪ್ಪನವರು ಬಲಗಾಲನ್ನು ಮೆಲ್ಲಗೆ ಸ್ಟೂಲಿನಿಂದ ಇಳಿಸಿಕೊಂಡರು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎಷ್ಟೋ ದಿನಗಳ ನಂತರ ಎದೆ ಹಗುರವಾಯಿತು. ಜನ ಹೋದ ಮೇಲೆ ಬಿಳಿ ಅಂಗಿಯ ಭಯ, ಯೂರಿಯಾ ಮೂಟೆಯ ಅಜ್ಞಾತವಾಸ, ಕಂತಿನ ಚಿಂತೆ ಎಲ್ಲವನ್ನೂ ಹೆಂಡತಿಯ ಮುಂದೆ ಸುರಿದರು. ಆಕೆ ಎಲ್ಲ ಕೇಳಿ, ಕರಿಮೆಣಸು ಮಾರಿದ ದುಡ್ಡನ್ನು ಕಂತಿಗೆಂದು ಆಗಲೇ ಎತ್ತಿಟ್ಟಿರುವುದಾಗಿ ಹೇಳಿ, ಕಾರಿನ ಕೀಲಿಯನ್ನು ಬೀರುವಿನ ಬೀಗದ ಕೈಗಳ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಸೋಮವಾರ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಮೂಡಿಗೆರೆಗೆ ಹೋದರು. ಡ್ರೈವಿಂಗ್ ಸ್ಕೂಲಿನವನು ವಿಶಾಲಾಕ್ಷಮ್ಮನವರ ಹೆಸರು ಬರೆದುಕೊಂಡು, ಕಲಿತದ್ದನ್ನು ದಿನಾ ಮನೆಯಲ್ಲೂ ಸ್ವಲ್ಪ ಅಭ್ಯಾಸ ಮಾಡಿದರೆ ಬೇಗ ಬರುತ್ತದೆ ಎಂದ.

"ಮನೇಲಿ ಯಾರಿಗಾದ್ರೂ ಡ್ರೈವಿಂಗ್ ಬರುತ್ತಾ ಅಮ್ಮ?"

ವಿಶಾಲಾಕ್ಷಮ್ಮ ಪಕ್ಕದಲ್ಲಿ ನಿಂತಿದ್ದ ಗಂಡನ ಮುಖ ನೋಡಿದರು.

"ಇಲ್ಲಪ್ಪ, ಯಾರಿಗೂ ಬರಲ್ಲ," ಎಂದರು ಮಲ್ಲಿಕಾರ್ಜುನಪ್ಪನವರು.