ತಟ್ಟೆ ಬಡಿದಾಗ ಎದ್ದರೆ ಸಾಕು

...ಅಥವಾ ನಲ್ಲಿಯ ಕೆಳಗೆ ಇದ್ದದ್ದು ತಟ್ಟೆಯೇ ಅಲ್ಲವೇನೋ, ಯಾವುದೋ ಹಳೆಯ ಡಬ್ಬಿಯ ಮುಚ್ಚಳವೂ ಇರಬಹುದು. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನೆನಪಿಗೆ ನಾನೇ ಪಾಲಿಶ್ ಹಾಕಿಬಿಟ್ಟಿದ್ದೇನೆ ಎಂಬ ಅನುಮಾನವಿದೆ. ಇರಲಿ, ತಟ್ಟೆ ಅಂತಲೇ ಇಟ್ಟುಕೊಳ್ಳೋಣ. ಸದ್ದು ಚೆನ್ನಾಗಿ ಬರುತ್ತದೆ.

ಎರಡು ಸಾವಿರದ ಏಳೋ ಎಂಟೋ. ಚಾಮರಾಜಪೇಟೆಯ ಊದುಬತ್ತಿ ಗೋಡೌನೊಂದರ ಮಹಡಿಯ ಮೇಲಿದ್ದ ಪುಟ್ಟ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬಸ್ ಕಂಡಕ್ಟರುಗಳು ಕೈಯಲ್ಲಿ ಹಿಡಿಯುವ ಟಿಕೆಟ್ ಯಂತ್ರ ನಮ್ಮ ಸರಕು. ಸದಾ ಮಲ್ಲಿಗೆ ವಾಸನೆ ಹೊಡೆಯುತ್ತಿದ್ದ ಆ ಯಂತ್ರಕ್ಕೆ ಇದ್ದದ್ದು ಒಂದೇ ರೋಗ: ಬೆಳಿಗ್ಗೆ ಎಂಟಕ್ಕೆ ಪೂರ್ತಿ ಚಾರ್ಜ್ ಮಾಡಿ ಬಿಟ್ಟರೆ ಮಧ್ಯಾಹ್ನ ಒಂದಕ್ಕೆ ಬ್ಯಾಟರಿ ಖಾಲಿ. ಅದೂ ಒಂದು ಟಿಕೆಟ್ಟನ್ನೂ ಹರಿಯದೆ, ಕೂತಲ್ಲೇ. "ಮೊದ್ಲು ಸುಮ್ನೆ ಕೂತು ಸಂಜೆ ಆರು ಮುಟ್ಲಿ, ಟಿಕೆಟ್ ಆಮೇಲೆ ನೋಡೋಣ. ಸೋಮವಾರದೊಳಗೆ ಆಗ್ಲಿಲ್ಲ ಅಂದ್ರೆ ಆರ್ಡರೂ ಇಲ್ಲ, ನೀವೂ ಇಲ್ಲ" ಎಂದರು ಯಜಮಾನರಾದ ಶೇಷಾದ್ರಿ.

ಒಳಗೆ ಇಣುಕಿದರೆ ಯಂತ್ರ ಸುಮ್ಮನೆ ಕೂತಿರಲೇ ಇಲ್ಲ. ಅದರ ಆಪರೇಟಿಂಗ್ ಸಿಸ್ಟಮ್ಮಿನ ಟೈಮರ್ ಸೆಕೆಂಡಿಗೆ ನೂರು ಸಲ ಪ್ರೊಸೆಸರನ್ನು ತಿವಿದೆಬ್ಬಿಸಿ "ಕೆಲಸ ಏನಾದ್ರೂ ಇದ್ಯಾ?" ಎನ್ನುತ್ತಿತ್ತು. ಇಲ್ಲ. ಸರಿ, ಮಲಗು. ಮತ್ತೆ ತಿವಿತ. ಹೀಗೆ ಎಬ್ಬಿಸಿದರೆ ಕುಂಭಕರ್ಣನೂ ಮಧ್ಯಾಹ್ನಕ್ಕೆ ಪ್ರಾಣ ಬಿಟ್ಟಾನು.

ಆಗ ನಾನಿದ್ದದ್ದು ಗವಿಪುರದಲ್ಲಿ, ಸೋದರತ್ತೆಯ ಮನೆಯಲ್ಲಿ. ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ; ಎಷ್ಟು ಹೊತ್ತಿಗೆ ಎಂಬುದು ಬ್ರಹ್ಮನಿಗೂ ತಿಳಿಯದು. ಐದು ನಿಮಿಷಕ್ಕೊಮ್ಮೆ ಅಂಗಳಕ್ಕೆ ಹೋಗಿ ನಲ್ಲಿ ತಿರುಗಿಸಿ ನೋಡುವುದು ನನ್ನ ಪದ್ಧತಿ. "ಎಷ್ಟು ಸಲ ಓಡಾಡ್ತೀಯೋ? ಚಪ್ಪಲಿ ಸವೀತು, ನೀರು ಬರ್ಲಿಲ್ಲ" ಎಂದು ಅತ್ತೆ ಒಂದು ದಿನ ನಲ್ಲಿಯನ್ನು ತೆರೆದೇ ಬಿಟ್ಟು, ಕೆಳಗೆ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿದರು. "ಬಂದ್ರೆ ಅದೇ ಬಡ್ಕೊಳತ್ತೆ. ಬಿದ್ಕೋ ಹೋಗು."

ಆಗ ನನಗೆ ಹೊಳೆಯಿತು ಎಂದು ಹೇಳುತ್ತಾ ಬಂದಿದ್ದೇನೆ. ಆದರೆ ಈ ಉಪಾಯವನ್ನು ಬಲ್ಲವರು ಆಗಲೇ ಬರೆದಿಟ್ಟಿದ್ದರು. ಅದನ್ನು ಓದಿದ ಮೇಲೆ ತಟ್ಟೆ ಕಂಡಿತೋ, ತಟ್ಟೆ ಕಂಡ ಮೇಲೆ ಓದಿದೆನೋ, ಆಣೆ ಮಾಡಿ ಹೇಳಲಾರೆ. ಉಪಾಯ ಇಷ್ಟೇ: ಕೆಲಸವಿಲ್ಲದಾಗ ತಿವಿತ ನಿಲ್ಲಿಸುವುದು, ಮುಂದಿನ ಕೆಲಸ ಎಷ್ಟು ಹೊತ್ತಿಗೆಂದು ನೋಡಿ ಅದಕ್ಕೊಂದೇ ಅಲಾರಂ ಇಟ್ಟು ಮಲಗಿಸುವುದು. ನಡುವೆ ಯಾರಾದರೂ ಗುಂಡಿ ಒತ್ತಿದರೆ, ತಟ್ಟೆ ಬಡಿಯಿತೆಂದು ಎದ್ದರಾಯಿತು.

ಶನಿವಾರ ಅದನ್ನೆಲ್ಲ ಬರೆದು ಮುಗಿಸಿ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಯಂತ್ರವನ್ನು ಮನೆಯ ಫ್ರಿಜ್ಜಿನ ಮೇಲೆ ಮಲಗಿಸಿದೆ. ಎಂಟೂ ಐದಕ್ಕೆ ಗುಂಡಿ ಒತ್ತಿ ನೋಡಿದೆ. ಪರದೆ ಬೆಳಗಿತು, ಜೀವವಿತ್ತು. ಸ್ನಾನಕ್ಕೆ ಹೋಗುವಾಗ ಒಮ್ಮೆ ಒತ್ತಿದೆ, ಬಂದು ಒಮ್ಮೆ. ಹುಳಿ ಬಡಿಸಿಕೊಂಡು ಒಮ್ಮೆ, ಮಜ್ಜಿಗೆಗೆ ಮುಂಚೆ ಒಮ್ಮೆ. ಮಧ್ಯಾಹ್ನ ಒಂದು ದಾಟಿದಾಗ ಸಂತೋಷ ತಡೆಯಲಾರದೆ ನಾಲ್ಕು ಸಲ.

"ಅದೇನೋ ಅದು, ಕರು ಹಾಕೋ ಹಸೂನ ನೋಡ್ದಂಗೆ ನೋಡ್ತಿದೀಯ?"

"ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡ್ತಿದೀನಿ ಅತ್ತೆ."

"ನೋಡಿದ್ರೆ ಜಾಸ್ತಿ ಆಗತ್ತಾ?"

ಐದೂ ಇಪ್ಪತ್ತಕ್ಕೆ ಒತ್ತಿದಾಗ ಪರದೆ ಬೆಳಗಲಿಲ್ಲ. ಅತ್ತೆ ಬಂದು ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಮಲಗಕ್ಕೆ ಬಿಟ್ಟಿದ್ರೆ ಬದುಕ್ಕೊಳ್ತಿತ್ತು, ಪಾಪ. ಎಬ್ಬಿಸಿ ಎಬ್ಬಿಸಿ ನೀನೇ ಕೊಂದೆ."

ಸೋಮವಾರ ಶೇಷಾದ್ರಿಯವರು ಹುಬ್ಬೇರಿಸಿದರು. "ಐದೂ ಇಪ್ಪತ್ತಾ? ಪರವಾಗಿಲ್ವೇ! ಉಳಿದ ನಲವತ್ತು ನಿಮಿಷ ಎಲ್ರೀ ಹೋಯ್ತು?"

"ಬ್ಯಾಟರಿ ಹಳೇದು ಸಾರ್" ಎಂದೆ, ಕಣ್ಣು ಮಿಟುಕಿಸದೆ.

ಅವರು ನಂಬಿದರು. ಹೊಸ ಬ್ಯಾಟರಿ ಬಂತು, ಯಂತ್ರ ಆರು ದಾಟಿತು, ನನ್ನ ಕೆಲಸ ಉಳಿಯಿತು. ಹಳೆಯ ಬ್ಯಾಟರಿ ಗುಜರಿಗೆ ಹೋಯಿತು. ಅದು ನಿಜವಾಗಿಯೂ ಹಳೆಯದಾಗಿತ್ತೇ? ಯಾರೂ ಪರೀಕ್ಷಿಸಲಿಲ್ಲ. ಆ ಭಾನುವಾರ ನಾನು ಎಷ್ಟು ಸಲ ಗುಂಡಿ ಒತ್ತಿದೆ? ಎಣಿಸಲಿಲ್ಲ. ಒತ್ತದೆ ಸುಮ್ಮನೆ ಕೂತಿದ್ದರೆ ಅದು ಆರು ಮುಟ್ಟುತ್ತಿತ್ತೇ? ಗೊತ್ತಿಲ್ಲ. ಸುಮ್ಮನೆ ಕೂತು ನೋಡುವುದೊಂದನ್ನು ಮಾತ್ರ ನಾನು ಮಾಡಿರಲಿಲ್ಲ.